ಕಾಯ್ತಾನನ ಜೋಡಿ ಇಂಜಿನ್

ಮದುವೆಯಾಗಿ ಮೂರು ತಿಂಗಳು ಕಳೆದಿದ್ದರೂ ಪ್ರಾಚಿ ತನ್ನ ಮಾವನ ಜೊತೆ ಆಡಿದ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ‘ಚಾ ತರ್ಲೇನ್ರಿ ಮಾಮಾ’ ಎಂದರೆ ‘ಹೂಂ’. ‘ಊಟಕ್ಕ ಏಳ್ರಿ’ ಎಂದರೆ ‘ಬಂದೆ’. ತಾತ್ಯಾಸಾಹೇಬರು ಸಿಟ್ಟಿನ ಮನುಷ್ಯರೇನಲ್ಲ. ಬೆಳಗಾವಿಯ ಖಡೇಬಜಾರಿನ ಪಾತ್ರೆ ಅಂಗಡಿಯಲ್ಲಿ ನಲವತ್ತು ವರ್ಷ ಗಿರಾಕಿಗಳ ಜೊತೆ ಮಾತಾಡಿ ದಣಿದು, ಅಂಗಡಿಯನ್ನು ಮಗ ಸುಯಶನಿಗೆ ಒಪ್ಪಿಸಿದ ದಿನವೇ ಮಾತನ್ನೂ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬಂದಿದ್ದಾರೆ ಎಂದು ಅತ್ತೆ ಜಿನಮತಿ ನಗುತ್ತಿದ್ದರು. ಶಿವಬಸವ ನಗರದ ಆ ಮನೆಯಲ್ಲಿ ಅವರು ಬಾಯಿಬಿಟ್ಟು ಮಾತಾಡುತ್ತಿದ್ದುದು ಅಂಗಳದಲ್ಲಿ ನಿಲ್ಲುತ್ತಿದ್ದ ಕಾರಿನ ಜೊತೆ ಮಾತ್ರ. ‘ಏನ್ ತಾಯಿ, ಥಂಡಿ ಆತೇನು?’ ಎಂದು ಮುಂಜಾನೆ ಅದರ ಬಾನೆಟ್ಟಿನ ಮೇಲೆ ಕೈಯಾಡಿಸುವುದನ್ನು ಪ್ರಾಚಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು.

ಕಾರು 1960ರ ಬೆಂಜ್, ಡೀಸೆಲ್. ಗೋವಾ ಇನ್ನೂ ಪೋರ್ತುಗೀಜರ ಕೈಯಲ್ಲಿದ್ದಾಗ ಹಡಗಿನಲ್ಲಿ ಬಂದದ್ದು. ಮಡಗಾಂವದ ಕಾಯ್ತಾನ ಎಂಬ ಟ್ಯಾಕ್ಸಿ ಮಾಲೀಕನಿಂದ ತಾತ್ಯಾಸಾಹೇಬರು ಅದನ್ನು ಎಪ್ಪತ್ನಾಲ್ಕರಲ್ಲಿ ಕೊಂಡಿದ್ದರು. ಆಗ ಬಿಳಿ ಇತ್ತಂತೆ. ಈಗ ಹಳೆಯ ಬೆಣ್ಣೆಯ ಬಣ್ಣ. ಚಾಲೂ ಮಾಡಬೇಕಾದರೆ ಡ್ಯಾಶ್‌ಬೋರ್ಡಿನ ಒಂದು ಗುಂಡಿಯನ್ನು ಎಳೆದು ಹಿಡಿದುಕೊಂಡು ಕಾಯಬೇಕು. ಅಲ್ಲೇ ಒಂದು ಸಣ್ಣ ತಂತಿಸುರುಳಿ ಊದುಬತ್ತಿಯ ತುದಿಯಂತೆ ಕೆಂಪಗಾಗುತ್ತದೆ. ಆಮೇಲೆ ಗುಂಡಿಯನ್ನು ಇನ್ನೂ ಎಳೆದರೆ ಇಂಜಿನ್ ಎದ್ದು ಕೂರುತ್ತದೆ. ಜೈನರ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ರೂಢಿ. ತಾತ್ಯಾಸಾಹೇಬರು ರೇಡಿಯೇಟರಿಗೆ ಹಾಕುವ ನೀರನ್ನೂ ಸೋಸಿಯೇ ಹಾಕುತ್ತಿದ್ದರು. ಆ ಕಾರಣಕ್ಕೇ ನಲವತ್ತು ವರ್ಷವಾದರೂ ಇಂಜಿನ್ನಿನ ಒಳಗೆ ಕೆಸರು ಕಟ್ಟಿಲ್ಲ ಎಂಬುದು ಅವರ ಮೆಕ್ಯಾನಿಕ್ ಗಜಾನನನ ನಂಬಿಕೆ.

ಎರಡು ಸಾವಿರದ ಇಸವಿಯ ಫೆಬ್ರುವರಿಯ ಒಂದು ರವಿವಾರ, ರಾಮತೀರ್ಥ ನಗರದಲ್ಲಿ ನೆಂಟರ ಗೃಹಪ್ರವೇಶಕ್ಕೆಂದು ನಾಲ್ವರೂ ಹೊರಟರು. ಮುಂದೆ ತಂದೆ ಮಗ, ಹಿಂದೆ ಅತ್ತೆ ಸೊಸೆ. ಗಾಡಿ ಸರ್ಕಲ್ ದಾಟುವಷ್ಟರಲ್ಲಿ ಪ್ರಾಚಿಯ ಕಿವಿಗೆ ಒಂದು ಸಣ್ಣ ಕರಕರ ಬಿತ್ತು. ವೇಗ ಹೆಚ್ಚಿದರೆ ಹೆಚ್ಚುತ್ತಿತ್ತು, ಗೇರು ಬದಲಿಸಿದರೂ ಹೋಗುತ್ತಿರಲಿಲ್ಲ. ಅವಳು ನಿಪ್ಪಾಣಿಯ ಕಡೆಯ ರೈತರ ಮಗಳು. ಹದಿನಾರನೇ ವಯಸ್ಸಿನಿಂದ ಟ್ರ್ಯಾಕ್ಟರ್ ಓಡಿಸಿದವಳು. ಕಬ್ಬು ತುಂಬಿದ ಟ್ರೇಲರನ್ನು ಫ್ಯಾಕ್ಟರಿಯ ಸಾಲಿನಲ್ಲಿ ಹಿಂದಕ್ಕೆ ಸರಿಸುವುದರಲ್ಲಿ ಅವಳ ಊರಿನ ಗಂಡಸರಿಗಿಂತ ಕೈ ಚುರುಕು. ಇಂಜಿನ್ನನ್ನು ಮೊದಲು ಕಿವಿಯಿಂದ ನೋಡಬೇಕು, ಆಮೇಲೆ ಕಣ್ಣಿಂದ ಎಂದು ಅವಳ ಅಪ್ಪ ಕಲಿಸಿದ್ದ.

ತಡೆಯಲಾಗದೆ ಹೇಳಿಬಿಟ್ಟಳು: “ಮಾಮಾ, ವಾಟರ್ ಪಂಪಿನ ಬೇರಿಂಗ್ ಹೋದಂಗ ಕೇಳಾಕತೈತ್ರಿ.”

ಜಿನಮತಿ ಸೊಸೆಯ ತೊಡೆಯನ್ನು ಮೆಲ್ಲಗೆ ಚಿವುಟಿದರು. ಸುಯಶ ಕಿಟಕಿಯಾಚೆ ನೋಡತೊಡಗಿದ. ತಾತ್ಯಾಸಾಹೇಬರು ಕನ್ನಡಿಯಲ್ಲಿ ಒಮ್ಮೆ ಅವಳ ಮುಖ ನೋಡಿ, “ಇಪ್ಪತ್ತಾರು ವರ್ಷ ಆತು ನಾ ಈ ಗಾಡಿ ಹೊಡಿಯಾಕತ್ತು” ಎಂದರು.

ಅರ್ಧ ಮೈಲಿಯೂ ಹೋಗಿರಲಿಲ್ಲ, ಬಾನೆಟ್ಟಿನ ಸಂದಿನಿಂದ ಬಿಳಿ ಹಬೆ ಎದ್ದಿತು. ಸೊಸೆಯ ಮಾತು ನೆನೆದ ತಾತ್ಯಾಸಾಹೇಬರು ಒಡನೆಯೇ ಇಂಜಿನ್ ಬಂದ್ ಮಾಡಿದರು. ಗಾಡಿಯ ಕೆಳಗೆ ನೀರಿನ ಗೆರೆ ಹರಿಯಿತು. ನೆಂಟರ ಮನೆಗೆ ಅತ್ತೆ ಮತ್ತು ಸುಯಶ ಆಟೋದಲ್ಲಿ ಹೋದರು. ಪ್ರಾಚಿಯನ್ನು ಯಾರೂ ಕರೆಯಲಿಲ್ಲ, ಅವಳೂ ಏಳಲಿಲ್ಲ. ಒಂದು ಟೆಂಪೋಕ್ಕೆ ಹಗ್ಗ ಕಟ್ಟಿಸಿ, ಮಾವ ಸ್ಟೇರಿಂಗ್ ಹಿಡಿದು, ಸೊಸೆ ಪಕ್ಕದಲ್ಲಿ ರೇಷ್ಮೆ ಸೀರೆಯಲ್ಲಿ ಕುಳಿತು, ಊರು ದಾಟಿ ಕ್ಯಾಂಪ್ ಬಡಾವಣೆಯಲ್ಲಿದ್ದ ಗಜಾನನನ ಗ್ಯಾರೇಜಿಗೆ ಬಂದರು.

ಹಳೆಯ ಬಂಗಲೆಯೊಂದರ ಕುದುರೆ ಲಾಯವೇ ಆ ಗ್ಯಾರೇಜು. ಗಜಾನನ ಬಾನೆಟ್ಟು ಎತ್ತಿ ಫ್ಯಾನನ್ನು ಹಿಡಿದು ಅಲ್ಲಾಡಿಸಿದ. ಅದು ಬೀಳಲಿರುವ ಹಲ್ಲಿನಂತೆ ಆಡಿತು. ಅರ್ಧ ತಾಸಿನಲ್ಲಿ ಪಂಪು ಅವನ ಅಂಗೈಯಲ್ಲಿತ್ತು. ಒಳಗಿನ ದಂಡ ಸವೆದು, ಎರಕದ ಮೈ ಕುತ್ತಿಗೆಯ ಹತ್ತಿರ ಸೀಳಿತ್ತು.

“ಬೇರಿಂಗ್ ಆಗಿದ್ರ ಇವತ್ತ ಹಾಕಿ ಕೊಡ್ತಿದ್ದೆ ಸಾಹೇಬ್ರ. ಮೈನ ಒಡದೈತಿ. ವೆಲ್ಡಿಂಗ್ ಮಾಡಿದ್ರ ಎಂಟ ದಿನ ನಡೀತೈತಿ, ಒಂಬತ್ತನೇ ದಿನ ನೀರ ಖಾಲಿ ಆಗಿ ಹೆಡ್ ಕರಗತೈತಿ.” ಗಜಾನನ ಕೈ ಒರೆಸಿಕೊಂಡ. “ಖರೇ ಅಂದ್ರ ನೀವು ಲಗೂನ ನಿಂದರಿಸಿದ್ರಿ, ಇಂಜಿನ್ ಉಳೀತು. ಹೆಂಗ ಗೊತ್ತಾತು?”

ತಾತ್ಯಾಸಾಹೇಬರು ಗದ್ದದಿಂದ ಪ್ರಾಚಿಯತ್ತ ತೋರಿಸಿದರು. “ಸೊಸಿ ಹೇಳಿದ್ಲು.”

ಗಜಾನನ ಅವಳಿಗೂ ಒಂದು ಸ್ಟೂಲು ಎಳೆದು ಹಾಕಿದ. “ಕುಂದರ್ರಿ ವೈನಿ” ಎಂದ.

ಹೊಸ ಪಂಪು ಎಲ್ಲಿಯೂ ಇರಲಿಲ್ಲ. ಮರುದಿನದಿಂದ ತಾತ್ಯಾಸಾಹೇಬರು ಊರಿನ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದರು. ಲಾರಿಯ ಪಂಪು ದೊಡ್ಡದು, ಜೀಪಿನದು ತಿರುಗುಮುರುಗು. ಗುಜರಿಯವರು ಗಾಡಿಯನ್ನೇ ಕೇಳಿದರು. ನಾಲ್ಕನೇ ದಿನ ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಿನ್ನ ಅಕ್ಷರ ಚೊಲೊ ಅದಾವಂತ ಸುಯಶ ಅಂದ” ಎಂದರು. ಕೈಯಲ್ಲಿ ಅಂಚೆಕಚೇರಿಯ ಲಕೋಟೆಗಳ ಕಟ್ಟಿತ್ತು.

ಅವತ್ತಿನಿಂದ ಊಟದ ಮೇಜು ಅವರಿಬ್ಬರ ಕಚೇರಿಯಾಯಿತು. ಮಾವ ಹಳೆಯ ಡೈರಿಗಳಿಂದ ವಿಳಾಸ ಹುಡುಕುವುದು, ಸೊಸೆ ಪತ್ರ ಬರೆಯುವುದು. ಪುಣೆ, ಮುಂಬಯಿ, ಮಡಗಾಂವಕ್ಕೆ ಮರಾಠಿಯಲ್ಲಿ, ಹುಬ್ಬಳ್ಳಿ, ಮಂಗಳೂರಿಗೆ ಕನ್ನಡದಲ್ಲಿ. ಮೂರನೇ ಪತ್ರ ಬರೆಯುವಾಗ ಪ್ರಾಚಿಗೆ ಒಂದು ಉಪಾಯ ಹೊಳೆಯಿತು.

“ಮಾಮಾ, ಮಾತಿನಾಗ ಎಷ್ಟ್ ಹೇಳಿದ್ರೂ ಅವರಿಗೆ ತಿಳಿಯಾಂಗಿಲ್ರಿ. ಆ ಒಡದ ಪಂಪ್ ತರ್ರಿ ಇಲ್ಲೆ.”

ಪಂಪನ್ನು ಕಾಗದದ ಮೇಲೆ ಬೋರಲು ಹಾಕಿ, ಸುತ್ತಲೂ ಪೆನ್ಸಿಲ್ ಆಡಿಸಿ, ಅದರ ಬಾಯಿಯ ಆಕಾರವನ್ನೂ ಬೋಲ್ಟಿನ ತೂತುಗಳನ್ನೂ ಇದ್ದದ್ದು ಇದ್ದಂತೆ ಗೆರೆ ಎಳೆದಳು. ಅಂಥ ಹದಿನೈದು ನಕ್ಷೆಗಳು. ಹದಿನಾಲ್ಕು ಪತ್ರಗಳ ಜೊತೆ ಹೋದವು, ಒಂದು ಅವಳ ಪರ್ಸಿನಲ್ಲಿ ಉಳಿಯಿತು. ತಾತ್ಯಾಸಾಹೇಬರು ಆ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, “ನಮ್ಮಪ್ಪ ಹಿಂಗ ತಂಬಿಗಿ ಅಳತಿ ತಗೀತಿದ್ದ” ಎಂದರು. ಅಪ್ಪನ ಬಗ್ಗೆ ಅವರು ಆ ಮನೆಯಲ್ಲಿ ಮಾತೆತ್ತಿದ್ದು ಅವಳಿಗೆ ತಿಳಿದಂತೆ ಅದೇ ಮೊದಲು. ಅವತ್ತು ಅಪ್ಪನ ಕತೆ, ತಾಮ್ರದ ಕತೆ, ಬೆಳಗಾವಿಗೆ ಮೊದಲ ಸಲ ಗಾಡಿ ತಂದಾಗ ಬೀದಿಯವರೆಲ್ಲ ಅಂಗಳದಲ್ಲಿ ನಿಂತ ಕತೆ, ಒಂದರ ಹಿಂದೆ ಒಂದು ಬಂದವು. ಜಿನಮತಿ ಒಳಗಿನಿಂದ ಬಂದು, ಗಂಡನ ಮಾತು ಕೇಳುತ್ತಾ ಕಂಬಕ್ಕೆ ಆತು ನಿಂತರು.

ಉತ್ತರಗಳು ಬಂದವು. ಪುಣೆಯವನು ಇಡೀ ಗಾಡಿಯನ್ನು ಮಾರುತ್ತೀರಾ ಎಂದು ಕೇಳಿದ್ದ. ಮುಂಬಯಿಯವನು ಪಾರ್ಸಲ್ಲಿನಲ್ಲಿ ಒಂದು ಪಂಪನ್ನೇ ಕಳಿಸಿದ. ನಕ್ಷೆಯ ಮೇಲಿಟ್ಟರೆ ಎರಡು ತೂತು ಕೂಡಿದವು, ಮೂರನೆಯದು ಒಂದು ಬೆರಳು ಆಚೆ. ಮಂಗಳೂರಿನವನು ತನ್ನ ಬಳಿಯೂ ಅಂಥದೇ ಗಾಡಿ ನಿಂತಿದೆ, ಪಂಪು ಸಿಕ್ಕರೆ ತನಗೂ ಒಂದು ಬೇಕು ಎಂದು ಬರೆದಿದ್ದ. ತಾತ್ಯಾಸಾಹೇಬರಿಗೆ ಆ ಪತ್ರ ಓದಿ ನಗು ತಡೆಯಲಾಗಲಿಲ್ಲ.

ಮಾರ್ಚ್ ಮೊದಲ ವಾರ ಮಡಗಾಂವದಿಂದ ಒಂದು ಪತ್ರ ಬಂತು. ಕಾಯ್ತಾನ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬರೆದವನು ಅವನ ಮಗ. ಪ್ರಾಚಿ ಮರಾಠಿಯಲ್ಲಿದ್ದ ಪತ್ರವನ್ನು ಓದಿ ಹೇಳಿದಳು. ಕಾಯ್ತಾನನ ಬಳಿ ಒಂದೇ ಹಡಗಿನಲ್ಲಿ ಬಂದ ಒಂದೇ ಥರದ ಎರಡು ಗಾಡಿಗಳಿದ್ದವು. ಒಂದು ತಾತ್ಯಾಸಾಹೇಬರದಾಯಿತು. ಇನ್ನೊಂದರ ಮೇಲೆ ಮಳೆಗಾಲದಲ್ಲಿ ಹಲಸಿನ ಮರ ಬಿದ್ದು ಮೈಯೆಲ್ಲ ಅಪ್ಪಚ್ಚಿಯಾಯಿತು, ಇಂಜಿನ್ನಿಗೆ ಏನೂ ಆಗಲಿಲ್ಲ. ಆ ಇಂಜಿನ್ನನ್ನು ಎಪ್ಪತ್ತೊಂಬತ್ತರಲ್ಲಿ ಖಾನಾಪುರದ ಒಬ್ಬ ಹಂಚಿನ ಭಟ್ಟಿಯವನು ಮಣ್ಣು ಕಲಸುವ ಯಂತ್ರಕ್ಕೆಂದು ಒಯ್ದ. ಹೆಸರು ನೆನಪಿಲ್ಲ.

“ಖಾನಾಪುರದಾಗ ಭಟ್ಟಿ ಎಷ್ಟ್ ಅದಾವೋ” ಎಂದರು ತಾತ್ಯಾಸಾಹೇಬರು. ಆದರೆ ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

“ನಾಳೆ ಮುಂಜಾನೆ ಹೋಗೂಣ್ರಿ ಮಾಮಾ. ಈಗ ಬಸ್ ಹಿಡದ್ರ ಮುಟ್ಟೂದ್ರಾಗ ಸಂಜಿ ಆಕ್ಕೈತಿ.”

ಮರುದಿನ ಕೆಂಪು ಬಸ್ಸಿನಲ್ಲಿ ಇಬ್ಬರೂ ಖಾನಾಪುರಕ್ಕೆ ಹೋದರು. ಅಲ್ಲಿನ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ಊರಿನ ಹೊರಗೆ ಎಲ್ಲಿ ನೋಡಿದರೂ ಚಿಮಣಿ, ಒಣಗಲಿಟ್ಟ ಹಂಚಿನ ಸಾಲು. ಒಂದನೇ ಭಟ್ಟಿಯಲ್ಲಿ ಕರೆಂಟಿನ ಮೋಟರು, ಎರಡನೆಯದರಲ್ಲಿ ಎತ್ತು. ಮೂರು, ನಾಲ್ಕು, ಐದನೆಯದರಲ್ಲಿ ನೀರೆತ್ತುವ ಸಣ್ಣ ಡೀಸೆಲ್ ಇಂಜಿನ್ನುಗಳು, ಡುಗ್ ಡುಗ್ ಎಂದು ಒಂದೇ ಸಿಲಿಂಡರಿನಲ್ಲಿ ಬಡಿದುಕೊಳ್ಳುತ್ತಿದ್ದವು. ಬಿಸಿಲು ಏರಿತು. ತಾತ್ಯಾಸಾಹೇಬರಿಗೆ ಎಪ್ಪತ್ತೊಂದು ವಯಸ್ಸು. ಛತ್ರಿ ಹಿಡಿದು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದರು. ಒಂದು ಮಾವಿನ ಮರದ ನೆರಳಲ್ಲಿ ನೀರು ಕುಡಿಯಲು ನಿಂತಾಗ ಕರೆಂಟು ಹೋಯಿತು. ಸುತ್ತಲಿನ ಮೋಟರುಗಳ ಗುಂಯ್ ಸದ್ದು ಒಮ್ಮೆಗೇ ನಿಂತಿತು. ಸ್ವಲ್ಪ ಹೊತ್ತಿಗೆ ದಿಬ್ಬದ ಆಚೆಯಿಂದ ಬೇರೊಂದು ಸದ್ದು ಎದ್ದಿತು. ನಾಲ್ಕು ಸಿಲಿಂಡರಿನದು, ಮೊದಲು ಸ್ವಲ್ಪ ಕೆಮ್ಮಿ, ಆಮೇಲೆ ಒಂದೇ ಸಮ.

ತಾತ್ಯಾಸಾಹೇಬರು ಬಾಟಲಿಯನ್ನು ಬಾಯಿಯಿಂದ ತೆಗೆದರು. ಇಪ್ಪತ್ತಾರು ವರ್ಷ ದಿನಾ ಮುಂಜಾನೆ ಕೇಳಿದ ಸದ್ದು.

“ಪ್ರಾಚಿ” ಎಂದರು. “ನಮ್ಮ ಗಾಡಿ.”

“ಹೌದ್ರಿ ಮಾಮಾ. ಒಂದ್ ಡೀಸೆಲ್ ನಾಝಲ್ ಸೋರಾಕತೈತಿ, ಆದ್ರ ನಮ್ಮ ಗಾಡೀನ.”

ದಿಬ್ಬ ಇಳಿದರೆ ತೆಂಗಿನ ಗರಿಯ ಚಪ್ಪರದ ಕೆಳಗೆ, ಸಿಮೆಂಟಿನ ಕಟ್ಟೆಯ ಮೇಲೆ, ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಆ ಇಂಜಿನ್ ಓಡುತ್ತಿತ್ತು. ಒಂದು ಪಟ್ಟಾ ಅದರಿಂದ ಮಣ್ಣು ಕಲಸುವ ಯಂತ್ರಕ್ಕೆ ಹೋಗಿತ್ತು. ಪಕ್ಕದಲ್ಲಿ ನಿಂತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು. ಸೀರೆಯ ಕಚ್ಚೆ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದಳು. ಅವಳು ಮಾಯವ್ವ. ಭಟ್ಟಿ ಅವಳದೂ ಅವಳ ಗಂಡ ಸಿದರಾಯನದೂ. ಸಿದರಾಯ ಟ್ರ್ಯಾಕ್ಟರಿನಲ್ಲಿ ಹಂಚು ಒಯ್ದು ಊರೂರು ಮುಟ್ಟಿಸುತ್ತಿದ್ದ, ಭಟ್ಟಿ ನೋಡುತ್ತಿದ್ದವಳು ಇವಳು.

ತಾತ್ಯಾಸಾಹೇಬರು ಬಂದ ಕಾರಣ ಹೇಳಿದರು. ಮಾಯವ್ವ ಪೂರ್ತಿ ಕೇಳಿಸಿಕೊಂಡಳು.

“ಇಂಜಿನ್ ಕೊಡಾಂಗಿಲ್ರಿ ಅಪ್ಪಾರ” ಎಂದಳು. “ಇದು ನಮ್ಮ ಮಾವ ಮೈಲಾರಲಿಂಗ ತಂದಿದ್ದು. ಇದನ್ನ ಚಾಲೂ ಮಾಡೂದು ನನಗೊಬ್ಬಾಕಿಗೇ ಕಲಿಸಿ ಹ್ವಾದ. ಗುಂಡಿ ಎಳದ ಒಂದ್ ಚಿಟಿಕಿ ತಂಬಾಕ ತಿಕ್ಕೂತನ ಕಾಯಬೇಕು, ಆಮ್ಯಾಲ ಇನ್ನೂ ಎಳೀಬೇಕು. ಗಂಡಸರಿಗೆ ಅಷ್ಟ್ ತಾಳ್ಮಿ ಇಲ್ಲ.”

“ಇಂಜಿನ್ ಬ್ಯಾಡವಾ. ಇದರ ವಾಟರ್ ಪಂಪ್ ಅಷ್ಟ ನೋಡಾಕ ಬಂದೀವಿ.”

“ಅದಕ್ಕ ಪಂಪ್ ಎಲ್ಲೈತ್ರಿ?”

ಇರಲಿಲ್ಲ. ಪಂಪು ಕೂರಬೇಕಾದ ಜಾಗಕ್ಕೆ ತಗಡು ಬಡಿದು, ಎತ್ತರದಲ್ಲಿಟ್ಟ ಎರಡು ಡ್ರಮ್ಮುಗಳಿಂದ ನೀರಿನ ಪೈಪು ಜೋಡಿಸಿದ್ದರು. ಓಡಾಡದ ಇಂಜಿನ್ನಿಗೆ ಅಷ್ಟು ಸಾಕು. ಪಂಪು ಏನಾಯಿತೆಂದು ಮಾಯವ್ವನಿಗೆ ಗೊತ್ತಿರಲಿಲ್ಲ. ಅವಳು ಸೊಸೆಯಾಗಿ ಬರುವ ಮೊದಲೇ ಮಾವ ಅದನ್ನು ಬಿಚ್ಚಿದ್ದ.

ತಾತ್ಯಾಸಾಹೇಬರು ಹಂಚಿನ ಒಟ್ಟಿಲ ಮೇಲೆ ಕುಳಿತರು. ಹದಿನಾಲ್ಕು ಪತ್ರ, ಅಷ್ಟೊಂದು ನಡಿಗೆ. ಅವರ ಮುಖ ನೋಡಲಾಗದೆ ಪ್ರಾಚಿ ಇಂಜಿನ್ನಿನ ಕಡೆ ತಿರುಗಿದಳು. ಅದರ ಹೊಗೆ ಕಾಡಿಗೆಯಂತೆ ಕಪ್ಪಾಗಿತ್ತು.

“ಅಕ್ಕಾರ, ಇದಕ್ಕ ಡೀಸೆಲ್ ಭಾಳ ಹತ್ತಾಕತೈತಿ ಅಲ್ಲೇನ್ರಿ?”

“ಹೋದ ವರ್ಷಕ್ಕಿಂತ ದೀಡಪಟ್ಟು ಹತ್ತತೈತಿ, ತಂಗಿ. ಇಲ್ಲಿ ಮಿಸ್ತ್ರಿಗೆ ತೋರ್ಸಿದ್ರ ಇದನ್ನ ತಗದ ಒಗೀರಿ ಅಂತಾನ.”

“ಒಗ್ಯಾಕ ಹೋಗಬ್ಯಾಡ್ರಿ. ನಮ್ಮ ಮಿಸ್ತ್ರಿನ್ನ ಕರ್ಕೊಂಡ ಬರ್ತೀವಿ. ಈ ಇಂಜಿನ್ ಅಂದ್ರ ಅವರಿಗೆ ದೇವರು.” ಇಷ್ಟು ಹೇಳಿದ ಮೇಲೆ ಮಾವನನ್ನು ಕೇಳದೆ ಮಾತು ಕೊಟ್ಟೆನೆಂದು ಅವಳಿಗೆ ಅಳುಕಾಯಿತು. ತಾತ್ಯಾಸಾಹೇಬರು ಕುಳಿತಲ್ಲಿಂದಲೇ ತಲೆಯಾಡಿಸಿದರು.

“ಬರ್ತೀವಿ. ಪಂಪ್ ಸಿಗಲಿಲ್ಲಂದ್ರ ಏನಾತು, ಒಂದ ಹಡಗಿನ್ಯಾಗ ಬಂದಾವು ಎರಡೂ. ಒಂದರ ಚಂದಾಗಿ ಓಡ್ಲಿ.”

ಎರಡು ದಿನ ಬಿಟ್ಟು ಗಜಾನನನೂ ಅವರ ಜೊತೆ ಬಸ್ಸಿನಲ್ಲಿ ಬಂದ. ಹೆಗಲ ಮೇಲೆ ಹತ್ಯಾರಗಳ ಕಬ್ಬಿಣದ ಪೆಟ್ಟಿಗೆ, ಕೈಚೀಲದಲ್ಲಿ ನಾಝಲ್ ಪರೀಕ್ಷಿಸುವ ಸಣ್ಣ ಕೈಪಂಪು. ಇಂಜಿನ್ನನ್ನು ನೋಡಿದವನೇ ಚಪ್ಪಲಿ ಕಳಚಿ ಕಟ್ಟೆ ಹತ್ತಿದ. ನಾಲ್ಕೂ ನಾಝಲ್ ಬಿಚ್ಚಿ ತೊಳೆದ, ಎರಡನ್ನು ಬದಲಿಸಿದ, ಕವಾಟಗಳ ಸಂದು ಅಳೆದು ಸರಿಪಡಿಸಿದ. ಮಾಯವ್ವ ಅವನು ಕೈಚಾಚುವ ಮೊದಲೇ ಬೇಕಾದ ಪಾನಾ ಎತ್ತಿಕೊಡುತ್ತಿದ್ದಳು. ಮಧ್ಯಾಹ್ನ ಅವಳು ತಂಬಾಕು ತಿಕ್ಕಿ ಗುಂಡಿ ಎಳೆದಾಗ ಇಂಜಿನ್ ಒಂದೇ ಏಟಿಗೆ ಎದ್ದಿತು. ಹೊಗೆ ಕಾಣಿಸಲೇ ಇಲ್ಲ. ಮಣ್ಣು ತುಳಿಯುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಬಂದು ಹೊಗೆಕೊಳವೆಯನ್ನು ನೋಡಿದರು.

“ನಮ್ಮ ಮಾವ ಇದ್ದಾಗ ಹಿಂಗ ಇತ್ತು” ಎಂದಳು ಮಾಯವ್ವ. ಟವೆಲಿನ ಅಂಚಿನಿಂದ ಕಣ್ಣು ಒರೆಸಿಕೊಂಡಳು, ಡೀಸೆಲ್ ಸಿಡಿಯಿತೆಂದು ಹೇಳಿಕೊಂಡಳು.

ಹೊರಡುವಾಗ ಗಜಾನನನ ಎರಡೂ ಕೈಯಲ್ಲಿ ಸಾಮಾನಿತ್ತು. ಅಂಗಳದ ತುದಿಯ ಕಟ್ಟಿಗೆಯ ಗೇಟನ್ನು ಪ್ರಾಚಿ ತಳ್ಳಿ ಹಿಡಿದುಕೊಂಡಳು. ಆಡುಗಳು ನುಗ್ಗಬಾರದೆಂದು ಅದು ತಾನಾಗಿ ಮುಚ್ಚಿಕೊಳ್ಳುವಂತೆ ಸರಪಳಿಗೆ ಭಾರ ಕಟ್ಟಿ, ಕಂಬದ ಗಾಲಿಯ ಮೇಲಿಂದ ಇಳಿಬಿಟ್ಟಿದ್ದರು. ಗೇಟು ಅವಳನ್ನು ಹಿಂದಕ್ಕೆ ಜಗ್ಗುತ್ತಿತ್ತು. ಇಷ್ಟು ಜಗ್ಗುವ ಭಾರ ಯಾವುದಪ್ಪಾ ಎಂದು ತಿರುಗಿ ನೋಡಿದಳು. ಕೆಮ್ಮಣ್ಣು ಬಳಿದ, ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡ ಲೋಹದ ಗಂಟು. ಅದಕ್ಕೊಂದು ಮೂತಿ. ರಬ್ಬರ್ ಪೈಪು ಕೂರುವಂಥ ಮೂತಿ.

ಅವಳು ಗೇಟು ಬಿಟ್ಟಳು. ಅದು ಗಜಾನನನ ಮೊಣಕೈಗೆ ಬಡಿಯಿತು. ಪರ್ಸಿನಿಂದ ನಕ್ಷೆ ತೆಗೆದು, ತೂಗಾಡುತ್ತಿದ್ದ ಗಂಟಿನ ಹಿಂಬದಿಗೆ ಒತ್ತಿ ಹಿಡಿದಳು. ಒಂದು ತೂತು ಕೂಡಿತು. ಎರಡು. ಮೂರನೆಯದರಲ್ಲಿ ಮಣ್ಣು ತುಂಬಿತ್ತು, ಹೇರ್‌ಪಿನ್ನಿನಿಂದ ಕೆದಕಿದಳು.

“ಮಾಮಾ” ಎಂದಳು, “ಇಲ್ಲಿ ಬರ್ರಿ.” ಅವಳ ದನಿ ಎಷ್ಟು ಮೆಲ್ಲಗಿತ್ತೆಂದರೆ ತಾತ್ಯಾಸಾಹೇಬರು ಹಾವು ಕಂಡಿತೇನೋ ಎಂದು ಛತ್ರಿ ಎತ್ತಿಕೊಂಡೇ ಬಂದರು.

ನಾಲ್ವರೂ ಆ ಗೇಟಿನ ಸುತ್ತ ನಿಂತರು. ಗಜಾನನ ಅದನ್ನು ಸರಪಳಿಯಿಂದ ಬಿಚ್ಚಿ, ಉಗುರಿನಿಂದ ಕೆಮ್ಮಣ್ಣು ಕೆರೆದು, ಒಳಗೆ ಬೆರಳು ಹಾಕಿದ. ಬೇರಿಂಗ್ ತುಕ್ಕು ಹಿಡಿದು ಹೋಗಿತ್ತು. ಮೈ ಗಟ್ಟಿಯಾಗಿತ್ತು, ಎಲ್ಲಿಯೂ ಸೀಳಿರಲಿಲ್ಲ.

“ಇಪ್ಪತ್ತ ವರ್ಷ ನಾ ಈ ಗೇಟ್ ತಳ್ಳೀನಿ” ಎಂದು ಮಾಯವ್ವ ನಗತೊಡಗಿದಳು. “ನಮ್ಮ ಮಾವ ಏನೂ ಒಗೀತಿರಲಿಲ್ಲ, ಖರೇ. ಎಲ್ಲಿ ಹಚ್ಚೀನಿ ಅಂತ ಹೇಳ್ತನೂ ಇರಲಿಲ್ಲ.”

ತಾತ್ಯಾಸಾಹೇಬರು ಜೇಬಿಗೆ ಕೈ ಹಾಕಿದರು. ಮಾಯವ್ವ ಅವರ ಕೈ ನೋಡಿಯೇ ತಲೆಯಲ್ಲಾಡಿಸಿದಳು.

“ರೊಕ್ಕ ಬ್ಯಾಡ್ರಿ. ಗೇಟಿಗೆ ಬ್ಯಾರೆ ಭಾರ ಕೊಡ್ರಿ, ಇಲ್ಲಂದ್ರ ಆಡು ಬರ್ತಾವು. ಮತ್ತ ಆ ಗಾಡಿ ನಡಿಯಾಕ ಹತ್ತಿದ ಮ್ಯಾಲ ಒಮ್ಮಿ ಇಲ್ಲಿ ತಂದ್ ತೋರಸ್ರಿ. ಮಾವ ಹೇಳ್ತಿದ್ದ, ಇದರ ಮೈ ಬಿಳಿ ಹಂಸದಂಗ ಇತ್ತು ಅಂತ. ನಾ ಇಂಜಿನ್ ಅಷ್ಟ ನೋಡೀನಿ, ಮೈ ನೋಡಿಲ್ಲ.”

ಪಂಪು ಕಾರ್ಖಾನೆಗಳ ಬಡಾವಣೆ ಉದ್ಯಮಬಾಗಕ್ಕೆ ಹೋಯಿತು. ಅಲ್ಲಿನ ಲೇತುಗಳಲ್ಲಿ ಮಾಡಲಾಗದ್ದು ಯಾವುದೂ ಇಲ್ಲ ಎಂದು ಬೆಳಗಾವಿಯವರ ಹೆಮ್ಮೆ. ಗಜಾನನನ ಗೆಳೆಯನೊಬ್ಬ ಅದಕ್ಕೆ ಹೊಸ ದಂಡ ಕಡೆದುಕೊಟ್ಟ. ಬೇರಿಂಗ್ ಪೇಟೆಯಲ್ಲೇ ಸಿಕ್ಕಿತು. ನೀರು ಸೋರದಂತೆ ತಡೆಯುವ ಸೀಲ್ ಮಾತ್ರ ಯಾವ ಅಂಗಡಿಯದೂ ಕೂರಲಿಲ್ಲ. ಕೊನೆಗೆ ಪ್ರಾಚಿ ತವರಿಗೆ ಫೋನ್ ಮಾಡಿ ಅಪ್ಪನ ಟ್ರ್ಯಾಕ್ಟರಿನ ಪಂಪಿನ ಸೀಲಿನ ಅಳತೆ ಕೇಳಿದಳು. ಅದು ಹೊಂದುವಂತಿತ್ತು. ಅಪ್ಪ ಮರುದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಎರಡು ಸೀಲು, ಒಂದು ಡಬ್ಬಿ ಹುರಿದ ಶೇಂಗಾ ಕಳಿಸಿದ.

ಗ್ಯಾರೇಜಿನಲ್ಲಿ ಪಂಪು ಕೂಡಿಸಿದ ದಿನ ಜಿನಮತಿಯೂ ಬಂದಿದ್ದರು. ತಾತ್ಯಾಸಾಹೇಬರು ನೀರು ಸೋಸಿ ಸೋಸಿ ರೇಡಿಯೇಟರ್ ತುಂಬಿದರು. ಗುಂಡಿ ಎಳೆದರು, ತಂತಿಸುರುಳಿ ಕೆಂಪಾಯಿತು, ಗಾಡಿ ಎದ್ದಿತು. ಕಾಲು ತಾಸು ಓಡಿಸಿ ಬಿಟ್ಟು ಎಲ್ಲರೂ ಬಗ್ಗಿ ಕೆಳಗೆ ನೋಡಿದರು. ನೆಲ ಒಣಗಿಯೇ ಇತ್ತು. ಆಗ ತಾತ್ಯಾಸಾಹೇಬರು ಕೆಳಗಿಳಿದು, ಬಾಗಿಲು ತೆರೆದು ಹಿಡಿದು, “ಹತ್ತು” ಎಂದರು ಸೊಸೆಗೆ.

“ನಾನ್ರಿ?”

“ಗೇರ್ ಸ್ಟೇರಿಂಗಿನ ಕೆಳಗ ಐತಿ. ನಿನ್ನ ಕಡೆ ಎಳದ ಕೆಳಗ ಒತ್ತಬೇಕು, ಒಂದನೇದು. ಉಳದದ್ದು ನಿನ್ನ ಕಿವಿ ಹೇಳತೈತಿ.”

ಆ ಗಾಡಿಯ ಸ್ಟೇರಿಂಗನ್ನು ಅವರು ಮಗನಿಗೂ ಕೊಟ್ಟಿರಲಿಲ್ಲ. ಸುಯಶನಿಗೆ ಈ ಮಾತು ಸಂಜೆ ತಿಳಿದಾಗ, ತನಗೆ ಹೇಗೂ ಆ ಗಾಡಿಯಲ್ಲಿ ಕೂತರೆ ನಿದ್ದೆ ಬರುತ್ತದೆ ಎಂದು ನಗುತ್ತಾ ಹೆಂಡತಿಯ ಕೈ ಕುಲುಕಿದ.

ಮುಂದಿನ ರವಿವಾರ ಪ್ರಾಚಿ ಗಾಡಿಯನ್ನು ಖಾನಾಪುರಕ್ಕೆ ಓಡಿಸಿದಳು. ಪಕ್ಕದಲ್ಲಿ ಮಾವ, ಹಿಂದೆ ಅತ್ತೆ, ಅವರ ಕಾಲಬುಡದಲ್ಲಿ ಪಾತ್ರೆ ಅಂಗಡಿಯ ಹಳೆಯ ಐದು ಕಿಲೋದ ತೂಕದ ಕಲ್ಲು. ಮೊದಲ ಎರಡು ಮೈಲಿ ತಾತ್ಯಾಸಾಹೇಬರ ಬಲಗಾಲು ತಾನಾಗಿ ಇಲ್ಲದ ಬ್ರೇಕು ತುಳಿಯುತ್ತಿತ್ತು. ದೇಸೂರು ದಾಟುವಷ್ಟರಲ್ಲಿ ಆ ತುಳಿತ ನಿಂತಿತು.

ಭಟ್ಟಿಯ ಅಂಗಳಕ್ಕೆ ಗಾಡಿ ಇಳಿದಾಗ ಮಾಯವ್ವ ಕೈ ತೊಳೆಯದೆಯೇ ಬಂದಳು. ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದಳು. ದುಂಡಗಿನ ದೀಪ, ಉಬ್ಬಿದ ಮಡ್‌ಗಾರ್ಡು, ಮೂತಿಯ ಮೇಲಿನ ನಕ್ಷತ್ರ. ಮುಟ್ಟಲು ಕೈ ಚಾಚಿ, ಮಣ್ಣು ಕಂಡು ಹಿಂದಕ್ಕೆ ತೆಗೆದಳು.

“ಮುಟ್ರಿ ಅಕ್ಕಾರ, ಏನೂ ಆಗಾಂಗಿಲ್ಲ” ಎಂದಳು ಪ್ರಾಚಿ.

ಬೆಣ್ಣೆಬಣ್ಣದ ಬಾನೆಟ್ಟಿನ ಮೇಲೆ ಐದು ಕೆಂಪು ಬೆರಳು ಮೂಡಿದವು. ತಾತ್ಯಾಸಾಹೇಬರು ಕರವಸ್ತ್ರ ತೆಗೆಯಲಿಲ್ಲ.

ಮಾಯವ್ವ ಚಪ್ಪರಕ್ಕೆ ಹೋಗಿ ತನ್ನ ಇಂಜಿನ್ ಚಾಲೂ ಮಾಡಿದಳು. ಪ್ರಾಚಿ ಗಾಡಿಯನ್ನು ಅದರ ಎದುರಿಗೆ ತಂದು, ಬಾನೆಟ್ಟು ಎತ್ತಿ, ಇಂಜಿನ್ ಓಡುವಂತೆ ಬಿಟ್ಟಳು. ಒಂದು ಮಣ್ಣು ಮೆತ್ತಿಕೊಂಡದ್ದು, ಒಂದು ಒರೆಸಿ ಒರೆಸಿ ಹೊಳೆಯುವುದು. ಸ್ವಲ್ಪ ಹೊತ್ತಿಗೆ ಎರಡರ ಬಡಿತವೂ ಕೂಡಿಕೊಂಡಿತು, ಆಮೇಲೆ ಸ್ವಲ್ಪ ಅಗಲಿ, ಮತ್ತೆ ಕೂಡಿತು. ಮಾಯವ್ವ ಒಂದು ಕೈ ತನ್ನ ಇಂಜಿನ್ನಿನ ಮೇಲೆ, ಇನ್ನೊಂದು ಗಾಡಿಯ ಅಂಚಿನ ಮೇಲೆ ಇಟ್ಟು ನಿಂತಳು. ಆ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ.

ಆಮೇಲೆ ಸವಾರಿ. ಭಟ್ಟಿಯ ಹೆಂಗಸರು ಐದು ಐದು ಜನ ಹಿಂದೆ ತುರುಕಿಕೊಂಡು ಮಲಪ್ರಭೆಯ ಸೇತುವೆಯವರೆಗೆ ಹೋಗಿ ಬಂದರು. ಮೂರನೇ ಸರತಿಗೆ ತಾತ್ಯಾಸಾಹೇಬರಿಗೆ ಮುಂದೆ ಜಾಗ ಉಳಿಯಲಿಲ್ಲ. ಅಲ್ಲಿ ಮಾಯವ್ವ ಮತ್ತು ಜಿನಮತಿ ಕುಳಿತಿದ್ದರು. ತಾತ್ಯಾಸಾಹೇಬರು ಹಂಚಿನ ಒಟ್ಟಿಲ ಮೇಲೆ ಕೂತು ತಮ್ಮ ಗಾಡಿ ತಾವಿಲ್ಲದೆ ರಸ್ತೆಯಲ್ಲಿ ಹೋಗುವುದನ್ನು ಮೊದಲ ಸಲ ನೋಡಿದರು. ಹೊರಗಿನಿಂದ ನೋಡಲು ಅದು ಇಷ್ಟು ಚಂದವಿದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಗೇಟಿಗೆ ಐದು ಕಿಲೋದ ಕಲ್ಲು ಕಟ್ಟಿ ಮುಗಿಸಿದಾಗ ಬಿಸಿಲು ಇಳಿಯತೊಡಗಿತ್ತು. ಮಾಯವ್ವ ಸೀರೆ ಕೊಡವಿಕೊಂಡು, ಏನೋ ನಿರ್ಧಾರ ಮಾಡಿದವಳಂತೆ, “ಮನಿಗೆ ಬರ್ರಿ” ಎಂದಳು. ಮನೆ ಭಟ್ಟಿಯ ಹಿಂದೆಯೇ ಇತ್ತು. ಏಣಿ ಹಾಕಿ ಅಟ್ಟ ಹತ್ತಿ, ಒಂದು ಕಟ್ಟಿಗೆಯ ಪೆಟ್ಟಿಗೆಯನ್ನು ಪ್ರಾಚಿಯ ಕೈಗೆ ಇಳಿಸಿದಳು. ಭಾರವಿತ್ತು.

“ಇಂಜಿನ್ ಕೊಟ್ಟಾವ ಇದನ್ನೂ ಕೊಟ್ಟಿದ್ನಂತ. ತಿಳದವರು ಬಂದ್ರ ಅಷ್ಟ ತಗೀಬೇಕು ಅಂದಿದ್ದ ನಮ್ಮ ಮಾವ. ಯಾರೂ ಬಂದಿರಲಿಲ್ಲ.”

ಮುಚ್ಚಳ ತೆಗೆದರೆ ಮೇಣದ ಕಾಗದದಲ್ಲಿ ಸುತ್ತಿದ ಪಿಸ್ಟನ್ ರಿಂಗುಗಳು, ತಾಮ್ರದ ವಾಷರುಗಳು, ನಾಲ್ಕು ಹೊಸ ನಾಝಲ್, ಹೆಡ್ಡಿನ ಕೆಳಗೆ ಹಾಕುವ ಎರಡು ಗ್ಯಾಸ್ಕೆಟ್ಟು. ಗ್ರೀಸು ಗಟ್ಟಿಯಾಗಿತ್ತು, ಅದರ ಕೆಳಗೆ ಲೋಹ ಕನ್ನಡಿಯಂತೆ. ತಾತ್ಯಾಸಾಹೇಬರು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಒಂದೊಂದನ್ನೂ ಎತ್ತಿ, ಹೆಸರು ಹೇಳಿ, ಹಚ್ಚಡದ ಮೇಲೆ ಇಡತೊಡಗಿದರು. ಅರ್ಧ ಮಾಯವ್ವನ ಕಡೆ, ಅರ್ಧ ತಮ್ಮ ಕಡೆ.

“ಹಂಚಿಕೊಂಡ್ರ ಎಲ್ಲಿ ಇಡಾಕ ಹೋಗ್ಲಿ ನಾನು?” ಎಂದಳು ಮಾಯವ್ವ. “ಎಲ್ಲಾ ನಿಮ್ಮ ಮನ್ಯಾಗ ಇರ್ಲಿ. ನನ್ನ ಇಂಜಿನ್ನಿಗೆ ಏನರ ಆದ್ರ ತಂಗಿ ತಗೊಂಡ ಬರ್ತಾಳ.”

“ಬರ್ತೀನ್ರಿ” ಎಂದಳು ಪ್ರಾಚಿ.

ಸೂರ್ಯ ಮುಳುಗಿದರೆ ಇವರು ಊಟ ಮಾಡುವುದಿಲ್ಲ ಎಂದು ತಿಳಿದಾಗ ಮಾಯವ್ವ ಗಡಿಬಿಡಿಯಿಂದ ಒಲೆ ಹಚ್ಚಿದಳು. ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಜಿನಮತಿಯನ್ನು ಕೇಳಿ ಕೇಳಿ, ಉಳ್ಳಾಗಡ್ಡಿ ಬಟಾಟಿ ದೂರವಿಟ್ಟು, ಅಕ್ಕಿರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು ಮಾಡಿ ಬಡಿಸಿದಳು. ಕೆಂಪು ಹೊತ್ತು ಚಿಮಣಿಯ ಬಾಜುವಿಗೆ ಇಳಿಯುವ ಮೊದಲು ಎಲ್ಲರ ಊಟ ಮುಗಿದಿತ್ತು. ತಾತ್ಯಾಸಾಹೇಬರು ಮೂರು ರೊಟ್ಟಿ ತಿಂದರು.

ತಿರುಗಿ ಬರುವಾಗ ರಸ್ತೆಯ ಎರಡೂ ಕಡೆ ಗದ್ದೆಗಳು ಮಸುಕಾಗುತ್ತಿದ್ದವು. ಪೆಟ್ಟಿಗೆ ಜಿನಮತಿಯ ಪಕ್ಕದಲ್ಲಿ ಕೂಸಿನಂತೆ ಕೂತಿತ್ತು. ಮಂಗಳೂರಿನವನಿಗೆ ಆ ನಕ್ಷೆ ಇಟ್ಟುಕೊಂಡು ಉದ್ಯಮಬಾಗದಲ್ಲಿ ಒಂದು ಪಂಪನ್ನೇ ಎರಕ ಹೊಯ್ಸಿ ಕಳಿಸಬಹುದಲ್ಲವೇ ಎಂದು ಪ್ರಾಚಿ ಮಾವನನ್ನು ಕೇಳಿದಳು. ಪಕ್ಕಕ್ಕೆ ತಿರುಗಿ ನೋಡಿದಳು. ತಾತ್ಯಾಸಾಹೇಬರು ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಹಿಂದಿನಿಂದ ಜಿನಮತಿ ಮುಂದಕ್ಕೆ ಬಾಗಿ, ಗಂಡನ ಮೊಣಕಾಲ ಮೇಲಿಂದ ಜಾರುತ್ತಿದ್ದ ಟೊಪ್ಪಿಗೆಯನ್ನು ಎತ್ತಿಕೊಂಡು, “ಸಾವಕಾಶ ಹೊಡಿ ಬಾಳಾ” ಎಂದರು.

ಪ್ರಾಚಿ ಗೇರು ಬದಲಿಸಿದಳು. ಸದ್ದೇ ಆಗಲಿಲ್ಲ.